ನಾಲ್ಕು ತಾಲೂಕು, ಒಂದು ಆಂಟೆನಾ

ಕೋಣೆಯೊಳಗೆ ಕೂತು ಸಂಶೋಧನೆ ಮಾಡುವವರಿಗೆ ನಗುವಂಥದ್ದೇನೂ ಆಗುವುದಿಲ್ಲ. ಹೊಲಕ್ಕಿಳಿದು ಮಾಡುವವರಿಗೆ ದಿನಕ್ಕೊಂದು ಆಗುತ್ತದೆ, ಆದರೆ ಆಗುವ ಹೊತ್ತಿನಲ್ಲಿ ನಗು ಬರುವುದಿಲ್ಲ. ನಗು ಬರಲು ಎಷ್ಟೋ ವರ್ಷ ಕಾಯಬೇಕು. ನಾನು ಕಾದಿದ್ದೇನೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಮ್ಮ ಕಡೆ ಹಳ್ಳಿಗೊಂದು ಎಸ್‌ಟಿಡಿ ಬೂತು ಇದ್ದರೆ ಅದೇ ದೊಡ್ಡದು. ಅಂಥ ಹೊತ್ತಿನಲ್ಲಿ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರರು ಮುಂದಿನ ಕಾಲದ ಮೊಬೈಲ್ ಜಾಲದ ಸಂಶೋಧನೆಗೆ ಇಳಿದರು. ಎರೆ ಹೊಲ, ಆಳೆತ್ತರದ ಜೋಳ, ಮಣ್ಣಿನ ಮಾಳಿಗೆ, ಇವುಗಳ ನಡುವೆ ರೇಡಿಯೊ ತರಂಗ ಎಷ್ಟು ದೂರ ಬದುಕುತ್ತದೆ, ಎಲ್ಲಿ ಸಾಯುತ್ತದೆ ಎಂದು ಅಳೆಯುವುದು ಕೆಲಸ. ಪ್ರೊಫೆಸರರು ಮೈಸೂರಿನ ಕಡೆಯವರು, ಮೆದು ಮಾತು. ನಾನು ಅವರ ಕೈಕೆಳಗಿನ ಸಂಶೋಧಕಿ, ಇಲ್ಲಿಯವಳೇ, ಸಿಟ್ಟು ಮೂಗಿನ ತುದಿಯಲ್ಲಿ. ಮೂರನೆಯವರು ಜೀಪು ಓಡಿಸುವ ಕಾಕಾ. ಅವರಿಗೆ ನಾಲ್ಕೂ ತಾಲೂಕುಗಳಲ್ಲಿ ಬೀಗರು, ಬೀಗರಿಲ್ಲದ ಊರಲ್ಲಿ ದೋಸ್ತರು.

ಚಳಿಗಾಲದಲ್ಲಿ ಒಂದು ಸಮಿತಿ ಬಂದು ನಮ್ಮ ಕೆಲಸ ನೋಡುವುದಿತ್ತು. ಅವರು ಹೂಂ ಎಂದರೆ ಯೋಜನೆ ಇನ್ನೂ ಮೂರು ವರ್ಷ ನಡೆಯುತ್ತದೆ. ಊಹೂಂ ಎಂದರೆ ಜೀಪು ವಾಪಸ್, ಯಂತ್ರ ವಾಪಸ್, ನನ್ನ ಹಂಗಾಮಿ ನೌಕರಿ ಬಂದ್, ಪಿಎಚ್‌ಡಿಯೂ ಅರ್ಧಕ್ಕೇ ಬಂದ್. ಆ ವರ್ಷವಿಡೀ ನಾನು ಈ ಭಯವನ್ನು ಬುತ್ತಿಯ ಜೊತೆ ಕಟ್ಟಿಕೊಂಡೇ ಓಡಾಡಿದೆ.

ಇಂಡಿ: ದಾರಿಯ ಹಕ್ಕು

ಲಿಂಬೆ ಗಿಡಗಳ ನಡುವೆ ಸಿಗ್ನಲ್ ಎಷ್ಟು ಇಳಿಯುತ್ತದೆ ನೋಡಬೇಕಿತ್ತು. ತೋಟದ ಒಂದು ತುದಿಯಲ್ಲಿ ಜೀಪಿನ ಮೇಲೆ ತರಂಗ ಕಳಿಸುವ ಕಂಬ, ಇನ್ನೊಂದು ತುದಿಯಲ್ಲಿ ಮೀಟರ್ ಹಿಡಿದ ನಾನು. ಮೋಡ ಕವಿಯುತ್ತಿತ್ತು. ಮಳೆ ಬಂದರೆ ಯಂತ್ರ ಮುಚ್ಚಿಕೊಂಡು ಓಡಬೇಕು, ಅಷ್ಟರೊಳಗೆ ಮುಗಿಸಬೇಕು. ತೋಟದ ಯಜಮಾನ ಬಂದು ಜೀಪಿನ ಮುಂದೆ ನಿಂತ.

"ಎಲ್ಲಿಂದ ಎಲ್ಲಿಗೆ ಹೋಗತಾವ್ರಿ ನಿಮ್ಮ ತರಂಗ?"

"ಇಲ್ಲಿಂದ ಅಲ್ಲಿಗೆ, ನಿಮ್ಮ ತೋಟದ ಮಧ್ಯದಿಂದ" ಎಂದರು ಪ್ರೊಫೆಸರರು.

"ಹಂಗಾರ ಬ್ಯಾಡ್ರಿ."

ಪ್ರೊಫೆಸರರು ತಾಳ್ಮೆಯಿಂದ ಪಾಠ ಮಾಡಿದರು. ತರಂಗಕ್ಕೆ ತೂಕವಿಲ್ಲ, ಬಣ್ಣವಿಲ್ಲ, ಹೂ ಉದುರುವುದಿಲ್ಲ, ಕಾಯಿ ಕೆಡುವುದಿಲ್ಲ. ಯಜಮಾನ ಅಷ್ಟನ್ನೂ ಕೇಳಿಸಿಕೊಂಡ.

"ಅದೆಲ್ಲಾ ಖರೇ ಇರ್ಲಿ ಸಾಹೇಬ್ರ. ನಮ್ಮಪ್ಪ ಬಾಜೂ ಹೊಲದವನ ಚಕ್ಕಡಿಗೆ ಒಂದ ಸಲ ದಾರಿ ಬಿಟ್ಟ. ಈಗ ಅವ ಆ ದಾರಿ ನಂದ ಅಂತ ಕೋರ್ಟಿಗೆ ಹೋಗ್ಯಾನ. ನಾಳೆ ನಿಮ್ಮ ತರಂಗಾನೂ ಹಂಗ ಅಂದ್ರ?"

"ತರಂಗಗಳು ಕೋರ್ಟಿಗೆ ಹೋಗಲ್ಲಪ್ಪ!"

"ಕಳಸಾವ್ರು ಹೋಗತಾರಲ್ರಿ."

ನಾನು ಬಾಯಿ ಬಿಟ್ಟಿದ್ದರೆ ಜಗಳವೇ ಆಗುತ್ತಿತ್ತು. ಕಾಕಾ ನಡುವೆ ಬಂದು ರಾಜಿ ಮಾಡಿಸಿದರು: ತರಂಗ ಬದುವಿನ ಗುಂಟ ಹೋಗಬೇಕು, ತೋಟಕ್ಕೆ ಅಡ್ಡ ಹಾಯಬಾರದು. ಜೀಪನ್ನು ಬದುವಿನ ನೇರಕ್ಕೆ ತಂದು ನಿಲ್ಲಿಸಿದೆವು. ನಾನು ಮೀಟರ್ ಹಿಡಿದು ಬದುವಿನ ಮೇಲೆ ನಡೆದೆ. ಯಜಮಾನ ಕೈಯಲ್ಲೊಂದು ಬಡಿಗೆ ಹಿಡಿದು ಪಕ್ಕದಲ್ಲೇ ನಡೆದ, ತರಂಗ ಎಲ್ಲಾದರೂ ಒಳಗೆ ನುಗ್ಗೀತೆಂದು.

ದೊಡ್ಡ ಗಿಡವೊಂದು ಬದುವಿಗೆ ವಾಲಿದ್ದ ಕಡೆ ಮೀಟರಿನ ಮುಳ್ಳು ಗಕ್ಕನೆ ಇಳಿಯಿತು. "ಯಾಕ್ರಿ ಇಳೀತು?" ಎಂದ. "ಎಲೆ ತರಂಗ ಹೀರಿಕೊಳ್ಳುತ್ತದೆ" ಎಂದೆ. ಆತ ನಿಂತೇಬಿಟ್ಟ, ಮುಖ ಸಣ್ಣದಾಯಿತು.

"ಅಂದ್ರ ನನ್ನ ಗಿಡ ಸರಕಾರದ ತರಂಗ ತಿನ್ನಾಕತ್ತೈತಿ? ಮುಂದ ನನ್ನ ಮ್ಯಾಲ ಕೇಸ್ ಹಾಕೂದಿಲ್ಲಲ್ರಿ?"

ಸಿಂದಗಿ ತಾಲೂಕು: ಮಾದರಿ ಗ್ರಾಮ

ಈ ಊರಿನ ಹೆಸರು ಹೇಳುವುದಿಲ್ಲ. ಆ ದಾರಿಯಲ್ಲಿ ನಾನು ಈಗಲೂ ಬಸ್ಸಿನಲ್ಲಿ ಹೋಗುತ್ತಿರುತ್ತೇನೆ.

ಮೋಟಾರು, ಗಿರಣಿ, ಹಳೇ ವೈರು ಇವೆಲ್ಲ ಸೇರಿ ಗಾಳಿಯಲ್ಲಿ ಒಂದು ವಿದ್ಯುತ್ ಗದ್ದಲ ಎಬ್ಬಿಸುತ್ತವೆ, ಕಿವಿಗೆ ಕೇಳದ ಗದ್ದಲ. ಅದು ಎಷ್ಟಿದೆ ಎಂದು ತಿಳಿಯದೆ ಮೊಬೈಲ್ ಜಾಲ ಕಟ್ಟುವಂತಿಲ್ಲ. ಜೀಪಿನ ನೆತ್ತಿಗೆ ಉದ್ದನೆಯ ಕೋಲು, ಒಳಗೆ ಮೀಟರ್ ಹಿಡಿದು ಪ್ರೊಫೆಸರರು, ಹೀಗೆ ನಾವು ಊರೊಳಗೆ ಹೋದೆವು. ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬ ನಮ್ಮನ್ನು ನೋಡಿ ಗರಕ್ಕನೆ ತಿರುಗಿ ಹೋದ.

ಸ್ವಲ್ಪ ಹೊತ್ತಿಗೆ ಹಿಟ್ಟಿನ ಗಿರಣಿ ನಿಂತಿತು. ಆಮೇಲೆ ಯಾರದೋ ಮನೆಯ ಟೇಪ್ ರೆಕಾರ್ಡರ್ ನಿಂತಿತು. ಮಾಳಿಗೆಗಳ ಮೇಲೆ ಜನ ಬಗ್ಗಿ ಬಗ್ಗಿ ಓಡಾಡುವುದು ಕಂಡಿತು. ನಾವು ಚಾವಡಿಗೆ ಬರುವಷ್ಟರಲ್ಲಿ ಗಂಡಸರೆಲ್ಲ ಬಂದು ಜೀಪಿನ ಸುತ್ತ ನಿಂತಿದ್ದರು.

"ಮೇಡಂ, ಇವರ ಮಾರಿ ನೋಡ್ರಿ" ಎಂದರು ಕಾಕಾ ಮೆಲ್ಲಗೆ. "ಗಾಡಿ ತಿರುಗಸಲೇನು?"

ಪ್ರೊಫೆಸರರಿಗೆ ಇದ್ಯಾವುದೂ ಗೊತ್ತಿಲ್ಲ. ಅವರು ಮುಳ್ಳು ಸೊನ್ನೆಗಿಳಿದ ಮೀಟರ್ ನೋಡಿ ಹಿಗ್ಗಿಹೋಗಿದ್ದರು. ಜೀಪಿನಿಂದ ಇಳಿದವರೇ ಕೈಯೆತ್ತಿ, "ಇಷ್ಟು ಶುದ್ಧವಾದ ಊರನ್ನ ನಾನು ಎಲ್ಲೂ ನೋಡಿಲ್ಲ! ನಿಮ್ಮ ಊರು ಇಡೀ ದೇಶಕ್ಕೇ ಮಾದರಿ!" ಎಂದು ಭಾಷಣ ಶುರು ಮಾಡಿದರು.

ಜನ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದರು. ಹಿರಿಯರೊಬ್ಬರು ಮುಂದೆ ಬಂದು ಕೈ ಮುಗಿದರು.

"ಸಾಹೇಬ್ರ, ಹಿಂಗ ಚುಚ್ಚಿ ಮಾತಾಡಬ್ಯಾಡ್ರಿ. ಕಂಬಕ್ಕ ಹಾಕಿದ್ದ ಕೊಕ್ಕಿ ಎಲ್ಲಾ ತಗದೇವಿ. ಎಲ್ಲಿ ಬೇಕಾದಲ್ಲಿ ನೋಡ್ರಿ."

ಆಗ ನನಗೆ ಹೊಳೆಯಿತು. ಕರೆಂಟು ಕಳವು ಹಿಡಿಯಲು ಬಂದ ಜೀಪು ಎಂದು ಇಡೀ ಊರು ವೈರು ಕಿತ್ತುಕೊಂಡು ಕೂತಿತ್ತು. ನಾವು ಅವರಲ್ಲ, ಫೋನಿನವರು ಎಂದು ಕೂಗಿ ಹೇಳಿದೆ. ಹಿರಿಯರು ನನ್ನನ್ನು ನೋಡಿದರು, ಕಾಕಾನನ್ನು ನೋಡಿದರು, ಆಮೇಲೆ ತಿರುಗಿ ಒಂದು ಕೈ ಬೀಸಿದರು. ಗಿರಣಿ ಶುರುವಾಯಿತು, ಟೇಪ್ ರೆಕಾರ್ಡರ್ ಶುರುವಾಯಿತು, ಪ್ರೊಫೆಸರರ ಕೈಯಲ್ಲಿದ್ದ ಮೀಟರಿನ ಮುಳ್ಳು ಹಾರಿ ಕೊನೆಗೆ ಹೋಗಿ ಬಡಿಯಿತು.

ಹಿರಿಯರು ಕುತೂಹಲದಿಂದ ಬಗ್ಗಿ ನೋಡಿ ಪ್ರೊಫೆಸರರ ಬೆನ್ನು ತಟ್ಟಿದರು. "ಈಗ ಬರೋಬ್ಬರಿ ತೋರಸಾಕತ್ತೈತಿ ನೋಡ್ರಿ. ಆಗಳೆ ಮಷೀನ್ ಕೆಟ್ಟಿತ್ತು."

ಮುದ್ದೇಬಿಹಾಳ: ಒಲೆಯ ಮುಂದಿನ ಜಾಗ

ಮುದ್ದೇಬಿಹಾಳದ ಕಡೆಯ ಹಳೇ ಮನೆಗಳ ಗೋಡೆ ಎರಡು ಮೊಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಅಂಥ ಮನೆಯೊಳಗೆ ಫೋನು ಕೇಳುತ್ತದೆಯೇ ಎಂದು ಸಮಿತಿ ಕೇಳಿಯೇ ಕೇಳುತ್ತದೆ. ಆದರೆ ಹೋದ ಮನೆಯವರೆಲ್ಲ ನಮ್ಮನ್ನು ಹೊಸ್ತಿಲಿನಿಂದಲೇ ವಾಪಸ್ ಕಳಿಸಿದ್ದರು. ಕೊನೆಗೆ ಒಂದು ಮನೆಯ ಅತ್ತೆ, ಹೆಣ್ಣುಮಗಳು ಎಂದು ನನ್ನೊಬ್ಬಳನ್ನು ಒಳಗೆ ಬಿಟ್ಟಳು. ಸೊಂಟದಲ್ಲಿ ಕೀಲಿಗೊಂಚಲು, ಪಡಸಾಲೆಯ ಕಟ್ಟೆಯ ಮೇಲೆ ಆಕೆಯ ಆಸನ. ಒಳಗೆ ಒಲೆಯ ಮುಂದೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಜೀಪಿನಿಂದ ಕಾಕಾ ನಮ್ಮ ಪ್ರಯೋಗದ ಎರಡು ಫೋನುಗಳಲ್ಲಿ ಒಂದರಲ್ಲಿ ಮಾತಾಡುತ್ತಲೇ ಇರಬೇಕು, ನಾನು ಇನ್ನೊಂದನ್ನು ಹಿಡಿದು ಮನೆಯೆಲ್ಲ ಸುತ್ತಿ ಎಲ್ಲಿ ಕೇಳುತ್ತದೆ ನೋಡಬೇಕು.

ಪಡಸಾಲೆಯಲ್ಲಿ ಫೋನು ಸತ್ತಿತ್ತು. ದೇವರ ಕೋಣೆಯಲ್ಲಿ ಸತ್ತಿತ್ತು. ಒಲೆಯ ಹತ್ತಿರ ಹೋದಾಗ ಮಾತ್ರ ಮೇಲಿನ ಬೆಳಕಿಂಡಿಯಿಂದ ಸಿಗ್ನಲ್ ಇಳಿದು ಕಾಕಾನ ದನಿ ಖಣಿಖಣಿ ಕೇಳಿತು: "ಹಲೋ ಮೇಡಂ, ನಿಮಗ ಚಾ ಕೊಟ್ರೇನ್ರಿ?"

ಅತ್ತೆ ಕೂತಲ್ಲಿಂದಲೇ ಕೇಳಿದಳು: "ಇಲ್ಲೆ ಕಟ್ಟಿ ಮ್ಯಾಲ ಬರಂಗಿಲ್ಲೇನು?"

"ಇಲ್ರಿ. ಒಲಿ ಮುಂದ ಅಷ್ಟ ಬರತೈತಿ."

"ಅಂದ್ರ ಮುಂದ ಈ ಮನಿಗೆ ಫೋನ್ ಬಂದ್ರ, ಒಲಿ ಮುಂದ ಕುಂತಾಕಿನ ಮಾತಾಡ್ತಾಳ?"

"ಹೌದ್ರಿ."

"ತೌರಮನಿಯವರ ಜೋಡಿನೂ?"

ರೊಟ್ಟಿ ಬಡಿಯುವ ಸದ್ದು ನಿಂತಿತು. ನನ್ನ ಅಳತೆ ಕೆಲಸ ಇನ್ನೂ ಅರ್ಧವೇ ಆಗಿತ್ತು, ಈಗ ನನ್ನನ್ನು ಕೈಹಿಡಿದು ಹೊರಗೆ ಹಾಕುತ್ತಾಳೆ ಎಂದೇ ಅಂದುಕೊಂಡೆ. ಸುಳ್ಳು ಹೇಳಲೂ ಬರುವುದಿಲ್ಲ. "ಹೌದ್ರಿ" ಎಂದೆ.

ಅತ್ತೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಒಲೆಯ ಹತ್ತಿರ ಬಂದಳು. "ಏಳ ಅಲ್ಲಿಂದ. ಇವತ್ತಿಂದ ರೊಟ್ಟಿ ನಾ ಬಡೀತೇನಿ."

ನಾನು ಉಳಿದ ಅಳತೆ ಮುಗಿಸಿ ಹೊರಟಾಗ ಸೊಸೆ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಾಗಿಲವರೆಗೆ ಕಳಿಸಲು ಬಂದಳು. "ಅಕ್ಕಾರ, ಈ ಫೋನ್ ನಮ್ಮೂರಿಗೆ ಬರಾಕ ಎಷ್ಟ ದಿನ ಹಿಡೀತೈತ್ರಿ?"

ಪಾಪ, ತವರಿನ ದನಿ ಕೇಳಲು ಕಾಯುತ್ತಾಳೆ ಎಂದು ನನಗೆ ಮರುಕವಾಯಿತು. "ಐದಾರು ವರ್ಷ ಆಗಬಹುದವ್ವ" ಎಂದೆ.

"ಆಗ್ಲಿ ಬಿಡ್ರಿ" ಎಂದಳು ಆಕೆ, ಒಳಗೆ ಒಲೆಯ ಕಡೆ ನೋಡುತ್ತ. "ಅವಸರ ಮಾಡಬ್ಯಾಡ್ರಿ."

ಬಸವನ ಬಾಗೇವಾಡಿ ತಾಲೂಕು: ಎಳ್ಳ ಅಮಾಸಿ

ಸಮಿತಿ ಬರುವ ದಿನ ಗೊತ್ತಾದಾಗ ನಾನು ಪ್ರೊಫೆಸರರಿಗೆ ಹೇಳಿದೆ, "ಸರ್, ಅವತ್ತು ಎಳ್ಳ ಅಮಾಸಿ." ಅವರು ನಕ್ಕರು. "ಅಮಾವಾಸ್ಯೆಗೂ ರೇಡಿಯೊ ತರಂಗಕ್ಕೂ ಸಂಬಂಧ ಇಲ್ಲಮ್ಮ."

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಇರುವುದಿಲ್ಲ. ಬುಟ್ಟಿಗಟ್ಟಲೆ ಅಡುಗೆ ಹೊತ್ತು ಹೊಲಕ್ಕೆ ಹೋಗುತ್ತಾರೆ, ಬೆಳೆಯ ನಡುವೆ ಆ ಅಡುಗೆಯ ಚರಗ ಚೆಲ್ಲಿ ಭೂತಾಯಿಗೆ ಉಣಿಸುತ್ತಾರೆ, ತಾವೂ ಅಲ್ಲೇ ಕೂತು ಉಣ್ಣುತ್ತಾರೆ, ದಾರಿಯಲ್ಲಿ ಹೋಗುವವರನ್ನೂ ಹಿಡಿದು ಉಣಿಸುತ್ತಾರೆ.

ನಮ್ಮ ಆಂಟೆನಾ ಮನಗೂಳಿಯ ರೈತರೊಬ್ಬರ ಮಾಳಿಗೆಯ ಮೇಲಿತ್ತು. ಬ್ಯಾಟರಿಯ ಮೇಲೆ ನಡೆಯುವ ಯಂತ್ರ ಮನೆಯೊಳಗಿನ ಕೋಣೆಯಲ್ಲಿ. ಅದರ ಮೂಲಕ ಮಾತಾಡುವ ಎರಡು ಫೋನುಗಳಲ್ಲಿ ಒಂದು ನನ್ನ ಕೈಯಲ್ಲಿ, ಇನ್ನೊಂದು ದೂರದ ಜೋಳದ ಹೊಲದಲ್ಲಿ ನಿಂತ ಕಾಕಾನ ಕೈಯಲ್ಲಿ. ಸಮಿತಿ ಮೊದಲು ಯಂತ್ರ ನೋಡುವುದು, ಆಮೇಲೆ ಮಾತು ಕೇಳುವುದು, ಮಧ್ಯಾಹ್ನ ರೈಲು ಹತ್ತುವುದು. ಕಾಕಾ ಮಾತ್ರ ನಿಂತ ಜಾಗ ಬಿಟ್ಟು ಕದಲಬಾರದು. ಆಳೆತ್ತರದ ಜೋಳದಲ್ಲಿ ನಡೆದಾಡುತ್ತ ಮಾತಾಡಿದರೆ ಮಾತು ಕಡಿದುಹೋಗುತ್ತದೆ, ಅದನ್ನು ಸರಿಪಡಿಸುವುದೇ ಮುಂದಿನ ಮೂರು ವರ್ಷದ ಕೆಲಸ ಎಂದು ನಾವು ಸಮಿತಿಗೆ ಬರೆದುಕೊಟ್ಟಿದ್ದೆವು.

ಸಮಿತಿ ಬಂತು. ಅಧ್ಯಕ್ಷರು ಬೆಳಿಗ್ಗೆಯಿಂದ ಒಮ್ಮೆಯೂ ನಗದ ಮನುಷ್ಯ. ಮನೆಯ ಬಾಗಿಲಿಗೆ ಹೋದರೆ ಹಿಡಿ ಗಾತ್ರದ ಬೀಗ. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಓಣಿಯಲ್ಲಿ ಕೇಳೋಣವೆಂದರೆ ಒಂದು ನಾಯಿಯೂ ಇರಲಿಲ್ಲ, ಅದೂ ಹೊಲಕ್ಕೆ ಹೋಗಿತ್ತು.

ಅಧ್ಯಕ್ಷರು ಗಡಿಯಾರ ನೋಡಿದರು. ಪ್ರೊಫೆಸರರು ನನ್ನನ್ನು ನೋಡಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬೇರೆ ದಾರಿಯಿಲ್ಲದೆ ಫೋನು ಒತ್ತಿದೆ. ನಮ್ಮ ಫೋನಿನ ಸ್ಪೀಕರು ಓಣಿಗೆಲ್ಲ ಕೇಳುವಂಥದ್ದು, ಮೆಲ್ಲಗೆ ಮಾಡಲು ಬರುತ್ತಿರಲಿಲ್ಲ.

"ಕಾಕಾ, ಮನಿ ಮಾಲಕರು ಕೀಲಿ ಹಾಕ್ಕೊಂಡು ಹೋಗ್ಯಾರ. ಅಲ್ಲೇ ಎಲ್ಲೋ ಹೊಲದಾಗ ಅದಾರ. ಹುಡಕ್ರಿ!"

"ಬೇಡ, ನಡೀಬೇಡ ಅನ್ನಿ!" ಎಂದು ಪ್ರೊಫೆಸರರು ಪಿಸುಗುಟ್ಟುವಷ್ಟರಲ್ಲಿ ಕಾಕಾ ಹೊರಟಾಗಿತ್ತು. ಜೋಳದ ಗರಿ ಸವರುವ ಸದ್ದು ಸ್ಪೀಕರಿನಲ್ಲಿ ಸರಸರ ಬರತೊಡಗಿತು. ಈಗ ಕಡಿಯುತ್ತದೆ, ಈಗ ಕಡಿಯುತ್ತದೆ ಎಂದು ನಾನು ಕಾಯುತ್ತ ನಿಂತೆ.

ಮೊದಲನೆಯ ಹೊಲ. "ಬರ್ರಿ ಕಾಕಾ, ಕುಂದ್ರಿ, ಉಂಡ ಹೋಗ್ರಿ." "ಇಲ್ರಿ, ಅರ್ಜೆಂಟ್ ಐತಿ." "ಒಂದ ಕಡಬು ತಿಂದ್ರ ಏನಾಕ್ಕೈತಿ?" ಆಮೇಲೆ ಸ್ವಲ್ಪ ಹೊತ್ತು ಅಗಿಯುವ ಸದ್ದು.

ಎರಡನೆಯ ಹೊಲದಲ್ಲಿ ಅವರ ಬೀಗರೇ ಸಿಕ್ಕರು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಮಗಳ ಸಂಸಾರದ ಮಾತು, ಎಲ್ಲವೂ ಸಮಿತಿಯ ಮುಂದೆ ಬಿತ್ತರವಾಯಿತು. ಮುಂದಿನ ಹೊಲದಲ್ಲಿ ಚರಗ ಚೆಲ್ಲುತ್ತಿದ್ದರು. ಒಬ್ಬ ಮುಂದೆ ಕೂಗುವುದು, ಇನ್ನೊಬ್ಬ ಹಿಂದಿನಿಂದ ದನಿಗೂಡಿಸುವುದು. ಸಮಿತಿಯ ಸದಸ್ಯರೊಬ್ಬರು ಗಂಭೀರವಾಗಿ, "ಇದು ಪ್ರತಿಧ್ವನಿ. ಸಿಗ್ನಲ್ ಎರಡು ದಾರಿಯಿಂದ ಬರ್ತಿದೆ" ಎಂದರು. ಪ್ರೊಫೆಸರರು ಹೌದೆಂದು ತಲೆಯಾಡಿಸಿಬಿಟ್ಟರು.

ಎಷ್ಟು ಹೊಲ ದಾಟಿದರೋ ಗೊತ್ತಿಲ್ಲ. ರೈಲಿನ ಹೊತ್ತು ಹತ್ತಿರವಾಗುತ್ತಿತ್ತು. ಅಧ್ಯಕ್ಷರು ಎದುರಿನ ಮನೆಯ ಕಟ್ಟೆಯ ಮೇಲೆ ಕೂತು ಫೋನನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ಮನೆ ಮಾಲಕರ ದನಿ ಬಂತು.

"ಹಲೋ? ಏನ್ರಿ ಮೇಡಂ, ನೀವು ಊಟಕ್ಕ ಬರಲಿಲ್ಲ?"

"ಅಣ್ಣಾರ, ಕೀಲಿ ಎಲ್ಲೈತ್ರಿ? ನಮ್ಮ ನೌಕರಿ ಹೊಂಟೈತಿ!"

"ಅಯ್ಯ, ಬಾಗಲ ಬಾಜೂ ಗೂಡಿನ್ಯಾಗ ಐತಲ್ರಿ. ನಾವು ಯಾವಾಗ್ಲೂ ಅಲ್ಲೇ ಇಡೂದು."

ಪ್ರೊಫೆಸರರು ಗೂಡಿನಲ್ಲಿ ಕೈಯಾಡಿಸಿದರು. ಕೀಲಿ ಸಿಕ್ಕಿತು. ಬೀಗಕ್ಕೆ ಹಾಕುವಷ್ಟರಲ್ಲಿ ಅಧ್ಯಕ್ಷರು ಎದ್ದುನಿಂತರು. "ಒಂದು ನಿಮಿಷ. ಜೋಳದಲ್ಲಿ ನಡೆದಾಡಿದರೆ ಮಾತು ಕಡಿಯುತ್ತೆ, ಅದಕ್ಕೆ ಮೂರು ವರ್ಷ ಬೇಕು ಅಂತ ಬರೆದಿದ್ದೀರಿ. ನಿಮ್ಮ ಡ್ರೈವರು ಇಷ್ಟು ಹೊತ್ತು ನಡೆದರು. ಒಮ್ಮೆಯೂ ಕಡಿಯಲಿಲ್ಲ. ಮುಂದಿನ ಕೆಲಸ ಮುಗಿದೇ ಹೋಯಿತಲ್ಲ?"

ಯಂತ್ರ ಕೆಟ್ಟು ನೌಕರಿ ಹೋಗುತ್ತದೆಂದು ವರ್ಷವಿಡೀ ಹೆದರಿದ್ದೆ. ಯಂತ್ರ ಚೆನ್ನಾಗಿ ನಡೆದು ನೌಕರಿ ಹೋಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಯಾಕೆ ಕಡಿಯಲಿಲ್ಲ?" ಎಂದರು ಅಧ್ಯಕ್ಷರು.

ಪ್ರೊಫೆಸರರು ಕೀಲಿ ಹಿಡಿದುಕೊಂಡೇ ಬೆವರಿದರು. "ನನಗೆ ಗೊತ್ತಿಲ್ಲ ಸರ್" ಎಂದರು.

"ಹಾಗಾದರೆ ಮೂರು ವರ್ಷ ತಗೊಂಡು ಕಂಡುಹಿಡೀರಿ" ಎಂದು ಅಧ್ಯಕ್ಷರು ಆ ದಿನ ಮೊದಲ ಸಲ ನಕ್ಕರು. "ಈಗ ಆ ಹೊಲಕ್ಕೆ ನಡೀರಿ. ಅವರು ತಿನ್ನೋದನ್ನ ಕೇಳಿ ಕೇಳಿ ನನ್ನ ಹೊಟ್ಟೆ ತಾಳ ಹಾಕ್ತಿದೆ." ನನ್ನ ಕೈಯಿಂದ ಫೋನು ತೆಗೆದುಕೊಂಡು ತಾವೇ ಹೇಳಿದರು: "ಹಲೋ, ಕಾಕಾ? ನಾವೂ ಊಟಕ್ಕೆ ಬರ್ತಿದ್ದೀವಿ."

ದನಿ ಯಾರದೆಂದು ಕಾಕಾನಿಗೆ ತಿಳಿಯಲಿಲ್ಲ. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಕೂಗಿದರು:

"ಬರ್ರಿ, ಬರ್ರಿ! ಆದ್ರ ಮೊದಲ ಆ ಸಮಿತಿಯವರನ್ನ ರೈಲ್ ಹತ್ತಿಸಿ ಬರ್ರಿ. ನಾ ಒಂದ ಜಾಗಾದಾಗ ಗೂಟ ಬಡದಂಗ ನಿಂತೇನಿ ಅಂತ ಅವರಿಗೆ ಹೇಳ್ರಿ!"