ಐತವಾರಕ್ಕೊಮ್ಮೆ ಸೋರುವ ಇಂಜಿನ್ನು

ಎದುರಿಗೆ ನಿಂತವನು ಸುಳ್ಳು ಹೇಳಿದರೆ ನನಗೆ ತಡೆಯುವುದಿಲ್ಲ, ಜಗಳಕ್ಕೆ ನಿಲ್ಲುತ್ತೇನೆ. ಎದುರಿಗೆ ನಿಂತವರೆಲ್ಲ ನಿಜವನ್ನೇ ಹೇಳುತ್ತಿದ್ದರೂ ಜಗಳ ಮಾಡಿದ ಪ್ರಸಂಗಗಳು ನನ್ನ ಬಾಳಿನಲ್ಲಿ ಬೇಕಾದಷ್ಟಿವೆ. ಇನ್ನೂ ನಡೆಯುತ್ತಲೇ ಇವೆ. ಈ ಪ್ರಸಂಗ ನನ್ನ ಹಳೆಯ ಕಾರಿನದು.

ನಾನು ಸಾಲಿ ಕಲಿತದ್ದು ಏಳನೆಯವರೆಗೆ. ಕಾನೂನು ಕಲಿತದ್ದು ಕಚೇರಿಗಳ ಗೋಡೆಗೆ ಹಚ್ಚಿದ ನೋಟಿಸು ಓದಿ. ಬೀದರಿನಲ್ಲಿ ಮನೆ, ಎಲ್ಲಿ ಅನ್ಯಾಯ ಕಂಡರೂ ಅಲ್ಲಿ ಅರ್ಜಿ. ಆಗ ಕೈಯಲ್ಲಿದ್ದ ಕೆಲಸ ಸಣ್ಣದು. ಡಾಬಕಾ ಕಡೆಯ ಹುಡುಗಿಯರು ಔರಾದಿನ ಕಾಲೇಜಿಗೆ ಬರುತ್ತಾರೆ. ಮೊದಲ ಪಾಠ ಒಂಬತ್ತೂವರೆಗೆ, ಅವರ ಬಸ್ಸು ಮುಟ್ಟುವುದು ಹತ್ತೂಕಾಲಿಗೆ. ಅವರಲ್ಲಿ ಒಬ್ಬಳ ಅಪ್ಪ, ಕುರಿ ಸಾಕುವವನು, ನನ್ನ ಮನೆಗೇ ಬಂದಿದ್ದ.

"ಅಣ್ಣಾ, ಮಗಳದು ಹಾಜರಿ ಕಡಿಮಿ ಬಿದ್ದದ್ರಿ. ಪರೀಕ್ಷಾಕ್ಕ ಕೂಡಸಲ್ಲ ಅಂತಾರ. ಬಸ್ ಒಂದ್ ತಾಸ್ ಮದಲ ಬಿಡಸ್ರಿ."

ಅರ್ಜಿ ಬರೆದೆ. ಊರವರ ಸಹಿ, ಹೆಬ್ಬೆಟ್ಟು ಎಲ್ಲ ಹಾಕಿಸಿದೆ. ಇಂಥ ಅರ್ಜಿಗಳ ಸಭೆ ಔರಾದಿನ ಒಂದು ಕಚೇರಿಯಲ್ಲಿ ಹದಿನೈದು ದಿನಕ್ಕೊಮ್ಮೆ, ಸೋಮವಾರ ಹನ್ನೊಂದಕ್ಕೆ. ಅರ್ಜಿ ಕೊಟ್ಟವನು ಮೂರು ಸಲ ಗೈರಾದರೆ ಅರ್ಜಿ ಮುಚ್ಚಿಬಿಡುತ್ತಾರೆ. ನಾನು ಗೈರಾಗುವ ಮಾತೇ ಇರಲಿಲ್ಲ.

ಬೀದರಿನ ಮಿಸ್ತ್ರಿ

ಸಭೆಯ ಹಿಂದಿನ ದಿನ, ಐತವಾರ ಮುಂಜಾನೆ, ಕಾರಿನ ಕೆಳಗೆ ಅಂಗೈಯಗಲ ಎಣ್ಣೆ ಕಲೆ. ಬಾನೆಟ್ ಎತ್ತಿದೆ. ಇಂಜಿನ್ನಿನ ಹಿಂದಿನ ಮಗ್ಗುಲು ಎಣ್ಣೆಯಲ್ಲಿ ಮಿಂಚುತ್ತಿತ್ತು. ಚಾಲೂ ಮಾಡಲು ಹೆದರಿ ನಾಲ್ಕು ಜನರನ್ನು ಕೂಡಿಸಿ ತಳ್ಳಿಕೊಂಡೇ ಗ್ಯಾರೇಜಿಗೆ ಒಯ್ದೆ.

ಮಿಸ್ತ್ರಿ ಬೆರಳಿನಿಂದ ಸವರಿದ. "ಇಂಜಿನ್ ಮುಚ್ಚಳದ ಪ್ಯಾಕಿಂಗ್ ಹೋಗ್ಯದ್ರಿ."

"ನೋಡಿ ಹೇಳ್ತಿಯೋ, ಅಂದಾಜ್ ಹೇಳ್ತಿಯೋ?"

"ಮುಚ್ಚಳ ಬಿಚ್ಚಿದ್ ಮ್ಯಾಲ ಖಾತ್ರಿ ಆಗ್ತದ್ರಿ."

"ಬಿಚ್ಚಿದ್ ಮ್ಯಾಲ ನನಗ ಭೀ ಗೊತ್ತಾಗ್ತದ. ಬಿಚ್ಚೂದಕ್ಕ ಮದಲ ಹೇಳಾವ ಮಿಸ್ತ್ರಿ!"

ಅವನು ಬಿಚ್ಚಿದ. ಸೋಮವಾರ ಹನ್ನೊಂದಕ್ಕೆ ಔರಾದಿನಲ್ಲಿ ನನ್ನ ಹೆಸರು ಕೂಗುವಾಗ ಬೀದರಿನಲ್ಲಿ ನನ್ನ ಇಂಜಿನ್ನು ಹಳೆಯ ಪೇಪರಿನ ಮೇಲೆ ಹರವಿಕೊಂಡಿತ್ತು. ಮಿಸ್ತ್ರಿ ಪ್ಯಾಕಿಂಗನ್ನು ಬಿಸಿಲಿಗೆ ಹಿಡಿದು ನೋಡಿದ. ಎಲ್ಲೂ ಹರಿದಿರಲಿಲ್ಲ.

"ಛಲೋ ಅದಲ್ಲೋ ಮತ್ತ!" ಎಂದು ಕೂಗಾಡಿದೆ.

"ಬಹಳ ಛಲೋ ಅದ್ರಿ," ಅಂದ. "ಇಷ್ಟ್ ಛಲೋ ಮಾಲ್ ಈಗ ಬರಂಗೇ ಇಲ್ಲ." ಹಾಗಂದು ಅದನ್ನು ಎಸೆದು ಈಗಿನದನ್ನು ಹಾಕಿದ.

ಅಳೆಯುವ ಕಡ್ಡಿ

ಹೊಸ ಪ್ಯಾಕಿಂಗು ಬಂದ ಮೇಲೂ ಐತವಾರ ಕಲೆ ಬಿತ್ತು. ವಾರದ ನಡುವೆ ಊರೆಲ್ಲ ತಿರುಗಿದರೂ ಒಂದು ಹನಿ ಇಲ್ಲ. ಶನಿವಾರ ಗಾಡಿ ಮನೆಯ ಮುಂದೆ ನಿಲ್ಲುತ್ತದೆ, ಐತವಾರ ಬೆಳಿಗ್ಗೆ ಸೋರಿರುತ್ತದೆ. ಓಡುವಾಗ ಸೋರದೆ ನಿಂತಾಗ ಸೋರುವ ಗಾಡಿ ಎಲ್ಲಾದರೂ ಉಂಟೆ?

ಬಸ್ಸಿಗೆ ಹೋಗಬಾರದಿತ್ತೇ ಎಂದು ಕೆಲವರು ಕೇಳಿದರು. ಬಸ್ಸಿನ ಮೇಲೆ ದೂರು ಕೊಟ್ಟವನು ಬಸ್ಸಿನಿಂದಲೇ ಇಳಿದರೆ ಮರ್ಯಾದೆ ಎಲ್ಲಿ ಉಳಿಯಿತು?

ಎರಡನೆಯ ಸೋಮವಾರ ಕಾರಿನಲ್ಲೇ ಹೊರಟೆ. ಎಣ್ಣೆ ಖಾಲಿಯಾಗಿ ಇಂಜಿನ್ನು ಹಿಡಿದುಬಿಟ್ಟರೆ ಎಂದು ಐದೈದು ಕಿಲೋಮೀಟರಿಗೆ ನಿಲ್ಲಿಸಿ, ಇಂಜಿನ್ನು ತಣ್ಣಗಾಗಲು ಕಾದು, ಅಳೆಯುವ ಕಡ್ಡಿ ಎಳೆದು ನೋಡಿದೆ. ಪ್ರತಿ ಸಲವೂ ಎಣ್ಣೆ ಮೇಲಿನ ಗುರುತಿಗೆ ಬರಾಬರ್ ಇತ್ತು. ಕೆಳಗೆ ಸೋರುತ್ತದೆ, ಒಳಗೆ ಕಡಿಮೆಯಾಗುವುದಿಲ್ಲ. ಅದರ ಮೇಲೆ ಏರು ಬಂದಾಗಲೆಲ್ಲ ಬಾನೆಟ್ಟಿನಿಂದ ಮಿರ್ಚಿ ಬಜಿ ಕರಿದ ವಾಸನೆ. ಹೆದರಿಕೆಯೂ ಆಗುತ್ತಿತ್ತು, ಹಸಿವೆಯೂ ಆಗುತ್ತಿತ್ತು.

ಔರಾದ ಮುಟ್ಟಿದಾಗ ಸಭೆ ಮುಗಿದಿತ್ತು. ಗೇಟಿನ ಹತ್ತಿರ ಕುರಿ ಸಾಕುವವನು ಒಬ್ಬನೇ ನಿಂತಿದ್ದ. ಬೈಯುತ್ತಾನೆ ಅಂದುಕೊಂಡೆ. ಅವನು ಬೈಯಲಿಲ್ಲ. ಬಹಳ ಮೆತ್ತಗೆ ಹೇಳಿದ: "ಅಣ್ಣಾ, ನಿಮಗಿಂತ ಆ ಬಸ್ಸೇ ಮದಲ ಬಂತ್ರಿ."

ಭಾಲ್ಕಿಯ ಪೌಡರು

ಇನ್ನು ಉಳಿದದ್ದು ಒಂದೇ ಸಭೆ. ಸಾಯಗಾಂವದಲ್ಲಿರುವ ನನ್ನ ಭಾವ ಭಾಲ್ಕಿಯ ಒಬ್ಬ ಮಿಸ್ತ್ರಿಯ ಹೆಸರು ಹೇಳಿದ. ಅಲ್ಲಿಗೆ ಹೋದವನೇ ಬೀದರಿನ ಮಿಸ್ತ್ರಿ ಎಂಥ ಠಕ್ಕ, ಅವನ ಗ್ಯಾರೇಜಿನ ಮುಂದೆ ಧರಣಿ ಕೂಡುವ ವಿಚಾರ ಎಷ್ಟು ಗಟ್ಟಿಯಾಗಿದೆ ಎಂದು ಅರ್ಧ ತಾಸು ವಿವರಿಸಿದೆ. ಭಾಲ್ಕಿಯವನು ಅಷ್ಟರಲ್ಲಿ ಡೀಸೆಲ್ ಹಾಕಿ ಇಂಜಿನ್ನು ತೊಳೆದು ಒರೆಸಿದ್ದ. ಆಮೇಲೆ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತಂದು ಇಂಜಿನ್ನಿಗೆಲ್ಲ ಉದುರಿಸಿದ.

"ಲಗ್ನಾ ಮಾಡಾಂವ ಇದ್ದೀಯೇನು ಇದರದು?"

"ಎಣ್ಣಿ ಎಲ್ಲಿಂದ ಹೊಂಟದ, ಅಲ್ಲಿ ಪೌಡರ್ ಹಸಿ ಆಗ್ತದ್ರಿ. ಹಾದಿ ಕಾಣ್ತದ. ಹಸಿ ಆದ ದಿನ ಬರ್ರಿ."

ಇದು ನನಗೆ ಮೆಚ್ಚುಗೆಯಾಯಿತು. ಕಳ್ಳನ ಹೆಜ್ಜೆ ಹಿಡಿಯುವ ಉಪಾಯ. ದಿನಾ ಸಂಜೆ ಬಾನೆಟ್ ಎತ್ತಿ ನೋಡಿದೆ, ಪೌಡರು ಹಾಗೇ ಬೆಳ್ಳಗಿತ್ತು. ಸಭೆಯ ಹಿಂದಿನ ಐತವಾರ ನೋಡಿದರೆ ನಡುವೆ ಎಣ್ಣೆಯ ಕಾಲುವೆ ಹರಿದಿತ್ತು. ಭಾಲ್ಕಿಗೆ ಓಡಿದೆ. ಮಿಸ್ತ್ರಿ ಆ ಹಾದಿಯ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲೆ, ಮೇಲೆ, ಇನ್ನೂ ಮೇಲೆ ಹೋದ. ಇಂಜಿನ್ನು ಮುಗಿಯಿತು. ಬೆರಳು ಮುಂದಿನ ಗಾಜಿನ ಬುಡಕ್ಕೆ ಹೋಗಿ ನಿಂತಿತು. ಮಳೆನೀರು ಇಳಿಯುವ ಸಂದಿ ಅದು. ಅಲ್ಲಿ ಎಣ್ಣೆ ಇರುವ ಭಾಗವೇ ಇಲ್ಲ.

"ಇದು ಇಂಜಿನ್ ಸೋರ್ಲಾಕತ್ತಿಲ್ರಿ," ಅಂದ. "ಮ್ಯಾಲಿಂದ ಇಳಿಲಾಕತ್ತದ."

ನನ್ನ ಪಿತ್ತ ನೆತ್ತಿಗೇರಿತು. "ಮ್ಯಾಲಿಂದ ಅಂದ್ರ? ಆಕಾಶದಿಂದ ಎಣ್ಣಿ ಬೀಳ್ತದೇನೋ?"

ಅವನು ಕೈ ಒರೆಸಿಕೊಂಡು ಬಾನೆಟ್ ಮುಚ್ಚಿದ. "ನಾ ಇಂಜಿನ್ ಕೆಲಸ ಅಷ್ಟೇ ಮಾಡ್ತೇನ್ರಿ ಸಾಹೇಬ್ರ. ಆಕಾಶದ್ದು ಮಾಡಲ್ಲ."

ಔರಾದಿನ ಮಿಸ್ತ್ರಿಯ ನಾಲಿಗೆ

ಮೂರನೆಯ ಸೋಮವಾರ ಏಳಕ್ಕೇ ಹೊರಟೆ. ನನ್ನ ಜೊತೆ ಇರುವ ಅವ್ವ, ಔರಾದಿನಲ್ಲಿರುವ ತನ್ನ ತಂಗಿಯನ್ನು ನೋಡಬೇಕೆಂದು ಹಿಂದಿನ ಸೀಟಿನಲ್ಲಿ ಕೂತಳು. ಈ ಸಲ ಬಜಿ ವಾಸನೆಯ ಜೊತೆ ಹೊಗೆಯೂ ಬಂತು. ನಿಲ್ಲಿಸುತ್ತ, ಆರಿಸುತ್ತ ಔರಾದಿನ ಮೊದಲ ಗ್ಯಾರೇಜು ಮುಟ್ಟುವಷ್ಟರಲ್ಲಿ ಹತ್ತೂವರೆ.

ಅಲ್ಲಿನ ಮಿಸ್ತ್ರಿ ಮುದುಕ. ಪ್ಯಾಕಿಂಗು, ಪೌಡರು, ಆಕಾಶ ಎಲ್ಲವನ್ನೂ ಹೇಳಿದೆ. ಅವನು ಕೇಳಿಸಿಕೊಳ್ಳಲೇ ಇಲ್ಲ. ಎಣ್ಣೆಯಲ್ಲಿ ಬೆರಳು ಅದ್ದಿದ, ಮೂಸಿದ, ನಂತರ ನಾಲಿಗೆಯ ತುದಿಗೆ ಹಚ್ಚಿಕೊಂಡ. ಕಣ್ಣು ಮುಚ್ಚಿ ಚಪ್ಪರಿಸಿದ.

"ಏನ್ ಕೆಟ್ಟದ ಹೇಳ್ರಿ!" ಅಂದೆ.

"ಏನೂ ಕೆಟ್ಟಿಲ್ಲ. ಕುಸುಬಿ ಎಣ್ಣಿ, ಗಾಣದ್ದು, ಖರೇ ಮಾಲ್," ಅಂದ. "ಎರಡ್ ಬೆಳ್ಳುಳ್ಳಿ ಜಜ್ಜಿ ತರ್ರಿ, ಇಲ್ಲೇ ಒಗ್ಗರಣಿ ಕೊಡ್ತೇನಿ."

ಹಿಂದಿನ ಸೀಟು

ನಾನು ತಿರುಗಿ ನೋಡಿದೆ. ಅವ್ವ ಇನ್ನೊಂದು ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಅಲ್ಲಿ ಬರೀ ಗೋಡೆ ಇತ್ತು.

"ಅವ್ವಾ."

"ಏನೋ?"

"ಗಾಡಿಗಿ ಎಣ್ಣಿ ಹಾಕೀಯೇನು?"

"ಹಾಕೀನಿ. ಶನಿವಾರಕ್ಕೊಮ್ಮಿ ಹಾಕ್ತೇನಿ." ಅವ್ವನ ದನಿಯಲ್ಲಿ ತಪ್ಪು ಮಾಡಿದ ಗುರುತೇ ಇರಲಿಲ್ಲ. "ವಾರಕ್ಕೊಬ್ಬ ಸಾಹೇಬನ ಕೂಡ ಜಗಳ ತಗಿತಿ. ನಿನಗ ಶನಿ ಹಿಡದಾನ. ಗುಡಿಗಿ ಬಂದು ಎಣ್ಣಿ ಹೊಯ್ಯಿ ಅಂದ್ರ ಬರಲ್ಲ. ನಿನ್ನ ತಲಿ ಮ್ಯಾಲ ಹೊಯ್ಲಾಕ ಬರ್ತದೇನು? ಮೂರೂ ಹೊತ್ತು ಗಾಡಿನ್ಯಾಗೇ ಇರ್ತಿ, ಅದರ ಮುಂದಿನ ಗಾಜಿನ ಬುಡಕ್ಕ ಹೊಯ್ದೆ."

"ತಿಂಗಳಿಂದ ಎಣ್ಣಿ ಎಣ್ಣಿ ಅಂತ ಹೊಯ್ಕೋಲಾಕತ್ತೀನಿ, ಹೇಳಬಾರದೇನು?"

"ನೀ ಇಂಜಿನ್ ಎಣ್ಣಿ ಅಂದಿ. ನಂದು ಕುಸುಬಿ ಎಣ್ಣಿ. ನಾ ಯಾಕ ನಡುವ ಬಾಯಿ ಹಾಕ್ಲಿ?"

ಎಷ್ಟು ಹೊಯ್ಯುತ್ತೀ ಎಂದು ಕೇಳಿದೆ.

"ಮದಲ ಒಂದ್ ಚಮಚಾನೇ ಹೊಯ್ತಿದ್ದೆ. ಗಾಡಿ ಕೆಟ್ಟದ ಅಂದಿ. ಶನಿ ಜೋರ್ ಅದಾನ ಅಂತ ಒಂದ್ ಬಟ್ಟಲ ಮಾಡ್ದೆ."

ಸಕಾರಣ

ಮುದುಕ ಎಣ್ಣೆ ಒರೆಸಿಕೊಟ್ಟ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕಚೇರಿ ಮುಟ್ಟಿದೆ. ಚಿಕ್ಕಮ್ಮನ ಮನೆಗೆ ಬಿಟ್ಟು ಬರಲು ಹೊತ್ತಿರಲಿಲ್ಲ, ಅವ್ವನೂ ಒಳಗೆ ಬಂದು ಕೂತಳು. ಕುರಿ ಸಾಕುವವನು ಮಗಳನ್ನೂ ಕರೆದುಕೊಂಡು ಬಂದಿದ್ದ.

ಕುರ್ಚಿಯ ಮೇಲಿದ್ದ ಸಾಹೇಬರು ನನ್ನ ಅರ್ಜಿ ತೆಗೆದು ಹೇಳಿದರು: "ಎರಡ್ ಸಲ ಗೈರಾಗೀರಿ. ಸಕಾರಣ ಬರೆದು ಕೊಟ್ರ ಅಷ್ಟೇ ಮುಂದ ತಗೋತೇವಿ."

ಜ್ವರ ಬಂದಿತ್ತು ಎಂದು ಬರೆದರೆ ಮುಗಿಯುತ್ತಿತ್ತು. ಆದರೆ ಇದೇ ಕೋಣೆಯಲ್ಲಿ ಎಷ್ಟೋ ಜನರನ್ನು ಸುಳ್ಳುಗಾರರು ಎಂದು ಕೂಗಿದವನು ನಾನು. ಪೆನ್ನು ಹಿಡಿದೆ. ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಬರೆದುಕೊಟ್ಟದ್ದನ್ನು ಸಾಹೇಬರು ಎಲ್ಲರಿಗೂ ಕೇಳುವ ಹಾಗೆ ಓದಿದರು: "ನನ್ನ ತಾಯಿಯವರು ನನ್ನ ಶನಿಕಾಟ ಕಳೆಯಲೆಂದು ಪ್ರತಿ ಶನಿವಾರ ನನ್ನ ವಾಹನದ ಇಂಜಿನ್ನಿಗೆ ಕುಸುಬೆ ಎಣ್ಣೆ ಹೊಯ್ದ ಕಾರಣ ಹಿಂದಿನ ಎರಡು ಸಭೆಗಳಿಗೆ ಹಾಜರಾಗಲು ಸಾಧ್ಯವಾಗಲಿಲ್ಲ."

ನಗುತ್ತಾರೆ ಎಂದು ಹಲ್ಲು ಕಚ್ಚಿ ನಿಂತೆ. ಯಾರೂ ನಗಲಿಲ್ಲ. ಎಲ್ಲರೂ ಹೌದು ಹೌದು ಎಂಬಂತೆ ತಲೆಯಾಡಿಸಿದರು. ಅದು ಇನ್ನೂ ಕೆಟ್ಟದಿತ್ತು.

ಅವ್ವ ಎದ್ದು ನಿಂತಳು. "ನಾನೇರಿ ಹೊಯ್ದಾಕಿ. ಹೊಯ್ದೀನಿ ಅಂತೇ ಇವತ್ ಮುಟ್ಯಾನ. ಅದು ಇರ್ಲಿ, ಈ ಹುಡುಗಿ ಬಸ್ ಮದಲ ಬಿಡ್ತೀರೋ ಇಲ್ಲೋ?"

ಸಾಹೇಬರು ಬಸ್ಸಿನ ಕಡೆಯಿಂದ ಬಂದಿದ್ದ ಅಧಿಕಾರಿಯ ಮುಖ ನೋಡಿದರು. ಅವರು ಗಡಬಡಿಸಿ ಹೇಳಿದರು: "ಬಿಡ್ತೇವವ್ವಾ. ಬರೋ ಸೋಮವಾರದಿಂದ ಒಂಬತ್ತೂಕಾಲಿಗಿ ಇಲ್ಲಿರ್ತದ." ಅಲ್ಲೇ ಬರೆಸಿ, ಸಹಿಯನ್ನೂ ಹಾಕಿದರು. ಹುಡುಗಿಯ ಅಪ್ಪ ಕೈ ಮುಗಿದ. ನನಗಲ್ಲ, ಅವ್ವನಿಗೆ.

ಹೊರಗೆ ಬಂದಾಗ ಆ ಅಧಿಕಾರಿ ಹಿಂದೆಯೇ ಓಡಿ ಬಂದರು. ಆ ಕಡೆ ಈ ಕಡೆ ನೋಡಿ, ನನ್ನನ್ನು ಬದಿಗೆ ಸರಿಸಿ, ಅವ್ವನ ಕಿವಿಯ ಹತ್ತಿರ ಬಗ್ಗಿದರು. "ಅವ್ವಾ, ನಮ್ಮವು ಎರಡ್ ಗಾಡಿ ದಿನಾ ಹಾದ್ಯಾಗೇ ನಿಂದರ್ತಾವ್ರಿ. ಬಸ್ಸಿಗಾದ್ರ ಎಣ್ಣಿ ಎಷ್ಟ್ ಹೊಯ್ಬೇಕು?"

ಅವ್ವ ಸೆರಗು ಸರಿ ಮಾಡಿಕೊಂಡಳು.

"ಕಾರಿನ್ಯಾಗ ಇವನೊಬ್ಬನ ಶನಿ. ಬಸ್ಸಿನ್ಯಾಗ ಹತ್ತಿದವರದು ಎಲ್ಲರದೂ ಬ್ಯಾರೆ ಬ್ಯಾರೆ ಇರ್ತದ್ರಿ. ದಿನಾ ಎಷ್ಟ್ ಟಿಕೆಟ್ ಹರೀತಾವ ಕಂಡಕ್ಟರ್‌ಗ ಕೇಳಿ ಹೇಳ್ರಿ, ಲೆಕ್ಕ ಹಾಕಿ ಕೊಡ್ತೇನಿ."