ನಾನು ಬರೆದ ಒಂದೊಂದು ಸಾಲು

ಸಾಂಗ್ಲಿ–ಮಿರಜಿನಲ್ಲಿ ಬೋರ್ಡ್ ಬರೆಯೋದು ನನ್ನ ಕಸುಬು. ಜನ ಹೆಸರು ಬರೆಸಿದ ಮೇಲೆ ಕೆಳಗೊಂದು ಸುವಿಚಾರವನ್ನೂ ಬರೆಸುತ್ತಾರೆ. ಆ ಸಾಲು ಚಿಕ್ಕದಾದಷ್ಟೂ ಅದರ ಫಜೀತಿ ದೊಡ್ಡದು.

ಮಿತಭಾಷಿ ಕಾಕಾ

ಸಾಂಗ್ಲಿಯ ಅರಿಶಿನ ವ್ಯಾಪಾರಿ ಕಾಕಾ ನನಗೆ ಮೊದಲ ಕೆಲಸ ಕೊಟ್ಟವರು. ಆ ಉಪಕಾರ ಮರೆಯುವಂಥದ್ದಲ್ಲ. ಅಂಗಡಿಯಲ್ಲಿ ತಾವು ಕೂರುವ ಗಾದಿಯ ಹಿಂದಿನ ಗೋಡೆಗೆ "ಮಾತು ಕಡಿಮೆ, ಗೆಳೆಯರು ಹೆಚ್ಚು" ಅಂತ ಬರೆಸಿದರು. ಎಂಟೇ ದಿನಕ್ಕೆ ಅವರ ಹೆಂಡತಿಯ ಫೋನು.

"ತಮ್ಮಾ, ಬಂದು ಅದನ್ನ ಅಳಸಿ ಹೋಗಪಾ."

"ಯಾಕ್ರಿ ಮಾವಶಿ, ಬಣ್ಣ ಹಿಡಿಸಲಿಲ್ಲೇನು?"

"ಬಣ್ಣ ಛಲೋ ಐತಿ. ಬಂದ ಗಿರಾಕಿಗೆಲ್ಲ ನಿಮ್ಮ ಕಾಕಾ ಅದರ ಅರ್ಥಾ ತಾಸಗಟ್ಟಲೆ ಹೇಳಾಕತ್ತಾರ!"

ಸಿಟ್ಟಿಗೆ ಬ್ರೇಕ್

ಕವಲಾಪುರದ ರಿಕ್ಷಾದವರೊಬ್ಬರು ಗಾಡಿಯ ಹಿಂಬದಿಗೆ "ಸಿಟ್ಟು ಬಂದರೆ ಬ್ರೇಕ್ ಹಾಕು" ಅಂತ ಕನ್ನಡ, ಮರಾಠಿ ಎರಡರಲ್ಲೂ ಬರೆಸಿದರು. ಜಾಗ ಸಾಲದೆ ಅಕ್ಷರ ಸಣ್ಣವಾದವು. ಬೈಕಿನವನೊಬ್ಬ ಓದಲು ತೀರಾ ಹತ್ತಿರ ಬಂದು ಗುದ್ದಿದ. ಇವರು ತೋಳೇರಿಸಿ ಇಳಿದರೆ ಅವನು ಆ ಸಾಲಿಗೇ ಬೆರಳು ಮಾಡಿ, "ಕಾಕಾ, ಬ್ರೇಕ್ ಹಾಕ್ರಿ" ಅಂದನಂತೆ. ನಗು ತಡೆಯಲಾಗದೆ ಇವರೇ ಅವನಿಗೆ ಚಹಾ ಕುಡಿಸಿದರು. ಮರುದಿನ ನನ್ನ ಹತ್ತಿರ ಬಂದು, "ಅಕ್ಷರ ದೊಡ್ಡು ಬರೀಪಾ. ಗುದ್ದಿದವರಿಗೆಲ್ಲ ಚಹಾ ಕುಡಸಾಕ ಆಗಂಗಿಲ್ಲ" ಅಂದರು.

ಕಣ್ಣಿನ ಪರೀಕ್ಷೆ

ಹೋದ ವರ್ಷ ನನ್ನ ಕಣ್ಣಿಗೇ ಪೊರೆ ಬಂತು. ಗೆರೆ ಡೊಂಕಾಗತೊಡಗಿ, ಕಸುಬೇ ಹೋಯಿತಲ್ಲ ಅಂತ ಹೆದರಿದ್ದೆ. ಮಿರಜಿನ ಡಾಕ್ಟರೊಬ್ಬರು ಆಪರೇಶನ್ ಮಾಡಿದರು. ಅವರು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕರ್ನಾಟಕದಿಂದ ಬರುವ ಪೇಶಂಟರಿಗಾಗಿ ಅವರ ಗೋಡೆಯ ಮೇಲೆ ಆಪರೇಶನ್ನಿಗೆ ಕೆಲ ತಿಂಗಳ ಮೊದಲು ಕನ್ನಡದ ಸಾಲು ಬರೆದುಕೊಟ್ಟವನು ನಾನೇ.

ಪಟ್ಟಿ ಬಿಚ್ಚಿ ಡಾಕ್ಟರು, "ಎದುರಿಂದು ಓದ್ರಿ" ಅಂದರು.

"ನೋಟ ಚೆಂದವಿದ್ದರೆ ಲೋಕ ಚೆಂದ," ಥಟ್ಟನೆ ಹೇಳಿದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಬಿಡಲಿಲ್ಲ. "ಅದು ಇವರ ಬರದದ್ದರಿ. ಕಣ್ಣ ಮುಚ್ಚಿದ್ರೂ ಓದತಾರ."

"ಹಂಗಾರ ಒಂದೊಂದ ಅಕ್ಷರ ಓದ್ರಿ," ಅಂದರು ಡಾಕ್ಟರು.

"ನೋ... ಟು..." ಅಂತ ಓದಿ, ಕಣ್ಣು ಹಿಗ್ಗಿಸಿ ಮತ್ತೆ ನೋಡಿದೆ. ಪೊರೆಗಣ್ಣಿನಲ್ಲಿ ಒಂದು ಕೊಂಬು ಹೆಚ್ಚಿಗೆ ಎಳೆದಿದ್ದೆ. ಗೋಡೆಯ ತುಂಬ ದಪ್ಪಕ್ಷರದಲ್ಲಿ, "ನೋಟು ಚೆಂದವಿದ್ದರೆ ಲೋಕ ಚೆಂದ"!

ಆ ಕೊಂಬು ಅಷ್ಟು ಸ್ಪಷ್ಟವಾಗಿ ಕಂಡಿತಲ್ಲ, ನಾಚಿಕೆಯಲ್ಲೂ ಖುಷಿಯಾಯಿತು. ಡಾಕ್ಟರಿಗೆ ಕೈಮುಗಿದು, ಅವರ ಗೋಡೆ ರೊಕ್ಕದ ನೋಟಿನ ಮಾತು ಹೇಳುತ್ತಿದೆ ಅಂತ ಒಪ್ಪಿಕೊಂಡೆ.

ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. "ಈಗ ತಿಳೀತು! ನಿಮ್ಮ ಕನ್ನಡದ ಪೇಶಂಟರು ಕಣ್ಣು ತೋರಸೂಕಿಂತ ಮೊದಲ ರೊಕ್ಕ ಯಾಕ ತೋರಸತಿದ್ರು ಅಂತ!"