ಬ್ಯಾರನ್ನಿನಲ್ಲಿ ಬೆಂದ ಎಂಟನೇ ತರಗತಿ

ಮಕ್ಕಳ ಪಠ್ಯಪುಸ್ತಕದ ಖರ್ಚನ್ನು ಇಳಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಏಕೆಂದರೆ ಬೆಟ್ಟದಪುರದ ನಮ್ಮ ಷಡ್ಕ ಪುಟ್ಟರಾಜಣ್ಣನೂ ಅದನ್ನು ಮಾಡಿ ತೋರಿಸಿದ್ದಾರೆ.

ಪುಟ್ಟರಾಜಣ್ಣ ನನ್ನ ಹೆಂಡತಿ ಸಾವಿತ್ರಿಯ ಅಕ್ಕನ ಗಂಡ. ಅವರ ಮಗಳೂ ನಮ್ಮ ಚಂದನಾಳೂ ಒಂದೇ ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿ. ಹೊಸ ಪುಸ್ತಕದ ಸೆಟ್ಟಿನ ಬೆಲೆ ಕೇಳಿ ನಾನು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಹೋದ ವರ್ಷ ಪಾಸಾದ ಹುಡುಗಿಯ ಪುಸ್ತಕಗಳನ್ನು ಅರ್ಧ ಬೆಲೆಗೆ ತಂದು, ಬೈಂಡು ಹಾಕಿ, ಫೋಟೊ ತೆಗೆದು ಸಾವಿತ್ರಿಯ ಫೋನಿಗೆ ಕಳಿಸಿದರು.

"ನೋಡಿ, ನಮ್ ಭಾವಂಗೆ ಎಂತಾ ಬುದ್ಧಿ ಅದೆ" ಎಂದು ಅವಳು ಆ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ನಮ್ಮ ಮದುವೆಯ ಫೋಟೊವನ್ನೂ ಅವಳು ಅಷ್ಟು ಹೊತ್ತು ನೋಡಿದ್ದಿಲ್ಲ.

"ಅರ್ಧ ಬೆಲೆ ಕೊಡೋದು ಒಂದು ಬುದ್ಧೀನಾ? ನಾನು ಪುಕ್ಕಟೆ ತತ್ತೀನಿ, ನೋಡ್ತಿರು" ಎಂದೆ.

ಹೇಳಿದ ಹಾಗೆ ತಂದುಬಿಟ್ಟೆ ಕೂಡ. ಹುಣಸೂರಿನ ಸ್ನೇಹಿತನೊಬ್ಬನ ಮಗ ಅದೇ ಪುಸ್ತಕಗಳನ್ನು ಓದಿ ಮುಗಿಸಿದ್ದ. ಸ್ನೇಹಿತ ಕಾಸು ಮುಟ್ಟಲಿಲ್ಲ. ಪುಸ್ತಕಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬೈಕಿಗೆ ಕಟ್ಟಿ, "ಮಳೆ ಬರೋ ಅಂಗದೆ, ನೆಟ್ಟಗೆ ಊರಿಗೆ ಹೋಗ್ಲಾ" ಎಂದ.

ರಾವಂದೂರಿನ ಪಕ್ಕದ ನಮ್ಮೂರಿಗೆ ನೆಟ್ಟಗೆ ಬಂದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಷಡ್ಕರ ಕಣ್ಣಿಗೆ ಬೀಳದ ಪುಕ್ಕಟೆ ಪುಸ್ತಕದಿಂದ ಏನು ಪ್ರಯೋಜನ? ಗಾಡಿಯನ್ನು ಬೆಟ್ಟದಪುರದ ಕಡೆ ತಿರುಗಿಸಿದೆ. ಅವರ ಬೀದಿ ಹತ್ತಿರವಾದಾಗ, ಪುಸ್ತಕಗಳು ಚೆನ್ನಾಗಿ ಕಾಣಲಿ ಎಂದು ಪ್ಲಾಸ್ಟಿಕ್ಕನ್ನೂ ಬಿಚ್ಚಿದೆ.

ಷಡ್ಕರ ಮನೆಗೆ ಬೀಗ ಹಾಕಿತ್ತು. ಜಗುಲಿಯ ಮುಂದೆ ಅರ್ಧ ಗಂಟೆ ಕಾದೆ. ಅವರು ಬರಲಿಲ್ಲ. ಮಳೆ ಬಂತು.

ಅಂದು ಶನಿವಾರ. ಸೋಮವಾರ ಶಾಲೆ ಶುರು. ಮನೆಯ ನಡುವೆ ಎಂಟನೇ ತರಗತಿ ನೀರು ಸುರಿಸುತ್ತ ಕೂತಿತ್ತು. "ಅಪ್ಪಾ, ಪುಸ್ತಕ ಇಲ್ದೆ ಹೋದ್ರೆ ಮಿಸ್ ಆಚೆ ನಿಲ್ಲುಸ್ತಾರೆ" ಎಂದು ಚಂದನಾ ಅಳತೊಡಗಿದಳು.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಒಣಗಿಸುವ ಕೋಣೆಯೊಳಗೆ ಸಾಲಾಗಿ ತೂಗುಹಾಕಿ, ಒಲೆಗೆ ಬೆಂಕಿ ಕೊಟ್ಟು ಹದವಾಗಿ ಒಣಗಿಸುವುದನ್ನು ನಮ್ಮಪ್ಪ ನನಗೆ ಚೆನ್ನಾಗಿ ಕಲಿಸಿದ್ದರು. ಎಲೆಯನ್ನೇ ಒಣಗಿಸಿದವನಿಗೆ ಹಾಳೆ ಒಂದು ಕಷ್ಟವೇ?

ಭಾನುವಾರ ಬೆಳಿಗ್ಗೆ ಗಣಿತ, ವಿಜ್ಞಾನ, ಸಮಾಜಗಳನ್ನು ದಾರದಿಂದ ಕಡ್ಡಿಗೆ ಕಟ್ಟಿ, ಶಾಸ್ತ್ರೋಕ್ತವಾಗಿ ಬ್ಯಾರನ್ನಿಗೇರಿಸಿ ಒಲೆ ಹಚ್ಚಿದೆ.

ಹೊಗೆ ಕಂಡು ಪಕ್ಕದ ಹೊಲದ ಕಾಳೇಗೌಡರು ಓಡಿಬಂದರು. "ಏನ್ಲಾ ಇದು, ಇನ್ನೂ ನಾಟಿನೇ ಸರ್ಯಾಗಿ ಮುಗ್ದಿಲ್ಲ, ನೀನು ಆಗ್ಲೇ ಸೊಪ್ಪು ಬೇಯುಸ್ತಿದ್ದೀಯ?"

"ಸೊಪ್ಪಲ್ಲ ಕಣಣ್ಣ, ಪುಸ್ತಕ."

ಗೌಡರು "ಮನೇಲಿ ಎಲ್ಲಾ ಚೆಂದಾಗವ್ರಾ?" ಎಂದು ಮೆಲ್ಲಗೆ ಕೇಳಿ ಹೊರಟುಹೋದರು.

"ಉರಿ ಜಾಸ್ತಿ ಆಯ್ತು, ಒಸಿ ತಗ್ಗಿಸಿ" ಎಂದಳು ಸಾವಿತ್ರಿ. ನಾನು ಕೇಳಲಿಲ್ಲ. ಷಡ್ಕರ ಆ ಫೋಟೊ ನೆನಪಾದಾಗಲೆಲ್ಲ ಒಲೆಗೆ ಇನ್ನೊಂದು ಕೊರಡು ತುರುಕುತ್ತಿದ್ದೆ. ಅವತ್ತು ಅದು ಬಹಳ ಸಲ ನೆನಪಾಯಿತು.

ಸಂಜೆ ಬಾಗಿಲು ತೆರೆದೆ. ಪುಸ್ತಕಗಳ ಬೆನ್ನಿನ ಅಂಟು ಕರಗಿ ಹಾಳೆಗಳೆಲ್ಲ ನೆಲಕ್ಕೆ ಉದುರಿದ್ದವು. ಮುಟ್ಟಿದವು ಪುಡಿಯಾದವು. ಬಣ್ಣ ಮಾತ್ರ ಮೊದಲ ದರ್ಜೆ. ಹೊಗೆಸೊಪ್ಪಿನ ಹರಾಜಿಗೆ ಇಟ್ಟಿದ್ದರೆ ಒಳ್ಳೆಯ ರೇಟೇ ಸಿಗುತ್ತಿತ್ತೇನೋ. ಚಂದನಾ ಒಂದು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಆರು ಸಲ ಸೀನಿದಳು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗಿ, ಪೂರ್ತಿ ಬೆಲೆ ತೆತ್ತು, ಬಾಯಿ ಮುಚ್ಚಿಕೊಂಡು ಹೊಸ ಸೆಟ್ಟು ತಂದೆ.

ಅದೇ ಸಂಜೆ ಪುಟ್ಟರಾಜಣ್ಣ ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. ಚಂದನಾಳ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಸವರಿದರು. "ನಮ್ಮುಡುಗಿ ಮನೇಲಿ ಒಂದೇ ರಂಪ ಕಣಪ್ಪ. ಚಂದನಂಗೆ ಅವ್ರಪ್ಪ ಹೊಸ್ದು ತಂದವ್ರೆ, ನಂಗ್ಯಾಕೆ ಹಳೇದು ಅಂತ ಊಟನೇ ಬುಟ್ಟವ್ಳೆ. ನಿನ್ ಧೈರ್ಯ ನಂಗಿಲ್ಲ ಬುಡು."

ಷಡ್ಕರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಮದುವೆಯಾದಂದಿನಿಂದ ನಾನು ಕಾಯುತ್ತಿದ್ದ ಗಳಿಗೆ ಅದು. ಕುರ್ಚಿಗೆ ಒರಗಿ, ಗಂಭೀರವಾಗಿ, "ಮಕ್ಳ ವಿದ್ಯೆ ವಿಚಾರದಲ್ಲಿ ಕೈ ಬಿಗಿ ಮಾಡ್ಬಾರ್ದು ಕಣಣ್ಣ" ಎಂದೆ.

ಸಾವಿತ್ರಿ ಕಾಫಿ ಲೋಟ ಕೆಳಗಿಟ್ಟಳು. "ಭಾವ, ಒಸಿ ಬ್ಯಾರನ್ ತಾವ ಬನ್ನಿ, ಏನೋ ತೋರುಸ್ಬೇಕು" ಎಂದಳು.

ಹೋದವರು ಹತ್ತು ನಿಮಿಷ ಬರಲಿಲ್ಲ. ನಗು ಮಾತ್ರ ಕೇಳಿಸುತ್ತಿತ್ತು. ವಾಪಸ್ಸು ಬಂದಾಗ ಷಡ್ಕರ ಮುಖ ಅರಳಿತ್ತು, ಕಣ್ಣಲ್ಲಿ ನೀರು, ಕಂಕುಳಲ್ಲಿ ಬೆಂದ ವಿಜ್ಞಾನದ ಅರ್ಧ ಭಾಗ.

"ಇದ್ನ ತಗೊಂಡೋಯ್ತೀನಿ ಕಣಪ್ಪ. ನಮ್ಮುಡುಗಿಗೆ ತೋರುಸುದ್ರೆ ಊಟ ಮಾಡ್ತಾಳೆ. ಏನ್ ಕೊಡ್ಬೇಕು ಹೇಳು."

"ಏನೂ ಬ್ಯಾಡ, ತಗೊಂಡೋಗಣ್ಣ" ಎಂದೆ.

ಅಂತೂ ನಮ್ಮಿಬ್ಬರಲ್ಲಿ ಪಠ್ಯಪುಸ್ತಕವನ್ನು ಪುಕ್ಕಟೆ ಮನೆಗೆ ಒಯ್ದು ಉಪಯೋಗಕ್ಕೆ ತಂದವರು ಅವರೇ.